ತೋಳಂಚಿನ ನೀಲಿ ಶಿಲುಬೆ

"ಮದುವೆಗೆ ನಾನು ಸಭೆಯ ಗೌನನ್ನೇ ಹಾಕ್ಕೋತೀನಿ" ಎಂದು ಅಕ್ಕ ಹೇಳಿದಾಗ ಅಮ್ಮ ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದಳು. ಸಿಪ್ಪೆ ಅರ್ಧಕ್ಕೇ ನಿಂತು ಚಾಕುವಿನಿಂದ ಜೋತಾಡತೊಡಗಿತು.

"ಯಾವ ಗೌನು?"

"ನಮ್ಮ ಸಭೇಲಿ ಎಷ್ಟು ಗೌನಿದೆ? ನೀನು ಕೊಟ್ಟಿದ್ದು."

"ಅದು ಬಡವರ ಮನೆ ಹುಡುಗೀರಿಗೆ ಅಂತ ಕೊಟ್ಟಿದ್ದು."

ಮೂಲೆಯಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದ ಅಜ್ಜಿ ತಲೆಯೆತ್ತದೆ ಕೇಳಿದಳು: "ಮತ್ತೆ ನಾವ್ಯಾರು? ರಾಜವಂಶದವರಾ?"

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಅಮ್ಮ ಮಾತ್ರ ಚಾಕುವನ್ನು ಹಲಗೆಯ ಮೇಲೆ ಕುಕ್ಕಿ ಎದ್ದು ಹೋದಳು. ಎದ್ದು ಹೋಗಲು ನಮಗಿದ್ದದ್ದು ಇನ್ನೊಂದೇ ಕೋಣೆ. ಎರಡರ ನಡುವೆ ಬಾಗಿಲಿರಲಿಲ್ಲ, ಪರದೆಯಿತ್ತು. ಹಾಗಾಗಿ ಅವಳು ಮುಖ ಊದಿಸಿಕೊಂಡು ಹಾಸಿಗೆಯ ಮೇಲೆ ಕೂತದ್ದು ನಮಗೆಲ್ಲ ಕಾಣುತ್ತಿತ್ತು.

ಆಗ ನಾವು ಒಂದು ಲಾಂಡ್ರಿಯ ಮೇಲಿನ ಎರಡು ಕೋಣೆಗಳಲ್ಲಿದ್ದೆವು. ಕೆಳಗೆ ದಿನವಿಡೀ ಇಸ್ತ್ರಿ ನಡೆಯುತ್ತಿದ್ದರಿಂದ ನಮ್ಮ ನೆಲ ಯಾವಾಗಲೂ ಬೆಚ್ಚಗಿರುತ್ತಿತ್ತು, ಗೋಡೆಗೆ ಗಂಜಿ ಹಾಕಿದ ಬಟ್ಟೆಯ ವಾಸನೆ ಹತ್ತಿತ್ತು. ಅದಕ್ಕೂ ಮೊದಲು ಅಪ್ಪನಿಗೆ ಎರಡು ಬಣ್ಣದಂಗಡಿಗಳಿದ್ದವು, ನಮಗೆ ಮಹಡಿ ಮನೆಯಿತ್ತು. ಮುಖ್ಯರಸ್ತೆಯಲ್ಲಿ ಬಣ್ಣದಿಂದ ಬಾಗಿಲ ಚಿಲಕದವರೆಗೆ ಎಲ್ಲವನ್ನೂ ಒಂದೇ ಸೂರಿನಡಿ ಮಾರುವ ದೊಡ್ಡ ಮಳಿಗೆ ಬಂದ ಮೇಲೆ ಮೊದಲು ಒಂದು ಅಂಗಡಿ ಹೋಯಿತು, ಆಮೇಲೆ ಇನ್ನೊಂದು, ಕೊನೆಗೆ ಮನೆ. ಅಪ್ಪ ಈಗ ಅದೇ ಮಳಿಗೆಯ ಸಾಮಾನು ಸಾಗಿಸುವ ವ್ಯಾನು ಓಡಿಸುತ್ತಿದ್ದ. ಅಕ್ಕ ಕನ್ನಡಕದಂಗಡಿಯಲ್ಲಿ ಗಾಜು ಅರೆಯುತ್ತಿದ್ದಳು. ಸಂಜೆ ಬಂದಾಗ ಅವಳ ಉಗುರಿನಲ್ಲಿ ಬಿಳಿ ಪುಡಿ ಇರುತ್ತಿತ್ತು. ಅಮ್ಮ ಕಿಟಕಿಯ ಬಳಿ ಹೊಲಿಗೆ ಮಿಷನ್ ಇಟ್ಟುಕೊಂಡು, ಲಾಂಡ್ರಿಗೆ ಬರುವ ಬಟ್ಟೆಗಳಿಗೆ ಜಿಪ್ಪು ಕೂರಿಸುತ್ತ, ಅಂಚು ಮಡಚುತ್ತ, ಗುಂಡಿ ಹಾಕುತ್ತ ಮನೆಯ ಅರ್ಧ ಖರ್ಚು ತೂಗಿಸುತ್ತಿದ್ದಳು.

ಗೌನು ಹಳೆಯ ಕಾಲದ್ದು, ಅಂದರೆ ನಮ್ಮ ಒಳ್ಳೆಯ ಕಾಲದ್ದು. ಎರಡನೆಯ ಅಂಗಡಿ ತೆರೆದಾಗ ಅಮ್ಮ, "ದೇವರು ಇಷ್ಟು ಕೊಟ್ಟಿದ್ದಾನೆ, ನಾವೂ ಏನಾದ್ರೂ ಕೊಡಬೇಕು" ಎಂದು ಒಳ್ಳೆಯ ಸ್ಯಾಟಿನ್ ತಂದು ಮದುವೆಯ ಬಿಳಿ ಗೌನು ಹೊಲಿಸಿ ನಮ್ಮ ಚರ್ಚಿನ ಸಭೆಗೆ ಕೊಟ್ಟಿದ್ದಳು. ಹೊಸದು ಕೊಳ್ಳಲಾಗದ ಹುಡುಗಿಯರು ಅದನ್ನು ತೊಟ್ಟು ಮದುವೆಯಾಗಿ, ಒಗೆಸಿ ವಾಪಸು ಕೊಡಬೇಕು. ಹಿಂದೆ ಯಾರೋ ಕೊಟ್ಟಿದ್ದ ಇಂಥದೇ ಗೌನು ಒಂದು ಮದುವೆಯ ನಂತರ ಮಾಯವಾಗಿತ್ತಂತೆ. ಅದಕ್ಕೇ ಅಮ್ಮ ಬಲತೋಳಿನ ಅಂಚಿಗೆ, ಮಣಿಕಟ್ಟಿನ ಮೇಲೆ ಬರುವ ಹಾಗೆ, ಹೆಬ್ಬೆರಳ ಉಗುರಿನಷ್ಟು ದೊಡ್ಡ ನೀಲಿ ದಾರದ ಶಿಲುಬೆ ಹೊಲಿಸಿದ್ದಳು. ಗುರುತಿದ್ದರೆ ಅದನ್ನು ಯಾರೂ ಮಾರುವಂತಿಲ್ಲ. ಬಲತೋಳೇ ಯಾಕೆ ಎಂದು ಆಗ ದರ್ಜಿ ಕೇಳಿದ್ದಕ್ಕೆ, "ಮದುವೆ ಪುಸ್ತಕದಲ್ಲಿ ಸಹಿ ಮಾಡೋವಾಗ ಕಣ್ಣಿಗೆ ಬೀಳಲಿ. ಯಾರು ಕೊಟ್ಟಿದ್ದು ಅಂತ ನೆನಪಿರತ್ತೆ" ಎಂದಿದ್ದಳು. ದರ್ಜಿ ತಲೆದೂಗಿದ. ಪಾದ್ರಿಗಳೂ ಒಳ್ಳೆಯ ಉಪಾಯ ಎಂದರು.

ಆ ರಾತ್ರಿಯ ಊಟಕ್ಕೆ ಬೇಯಿಸಿದ ಆಲೂಗಡ್ಡೆ, ಆಳಿಗೆ ಅರ್ಧ ಮೊಟ್ಟೆ, ಬ್ರೆಡ್ಡು ಇದ್ದವು. ಅಪ್ಪ ಎಂದಿನಂತೆ ಕಣ್ಣು ಮುಚ್ಚಿ ಪ್ರಾರ್ಥಿಸಿದ. ಅವನ ಪ್ರಾರ್ಥನೆಯಲ್ಲಿ ದೊಡ್ಡ ಮಾತುಗಳಿರುತ್ತಿರಲಿಲ್ಲ: ತಲೆ ಮೇಲಿನ ಸೂರಿಗೆ, ಕಾಲ ಕೆಳಗಿನ ಬೆಚ್ಚನೆಯ ನೆಲಕ್ಕೆ, ಇವತ್ತು ಇಳಿಜಾರಿನಲ್ಲಿ ಕೈಕೊಡದ ವ್ಯಾನಿನ ಬ್ರೇಕಿಗೆ ಸ್ತೋತ್ರ.

"ಮೊಟ್ಟೇನ ಮರೆತೆಯಲ್ಲೋ" ಎಂದಳು ಅಜ್ಜಿ.

"ಮೊಟ್ಟೆಗೂ ಸ್ತೋತ್ರ, ಕರ್ತನೇ."

"ಆಮೆನ್" ಎಂದು ನಾವೆಲ್ಲ ತಟ್ಟೆಗೆ ಕೈ ಹಾಕಿದೆವು. ಅಪ್ಪ ಮೆಲ್ಲಗೆ ಶುರುಮಾಡಿದ: "ಅವಳು ಹೇಳೋದ್ರಲ್ಲಿ ತಪ್ಪೇನಿದೆ? ಗೌನು ಚೆನ್ನಾಗೇ ಇದೆ."

"ನಿಮಗೆ ಯಾವುದೂ ತಪ್ಪಲ್ಲ" ಎಂದಳು ಅಮ್ಮ. "ಅಂಗಡಿ ಹೋದಾಗ್ಲೂ ಹೋಗ್ಲಿ ಬಿಡು ಅಂದ್ರಿ. ಮನೆ ಹೋದಾಗ್ಲೂ ಹೋಗ್ಲಿ ಬಿಡು ಅಂದ್ರಿ. ಈಗ ಮಗಳು ಎಲ್ಲರ ಮುಂದೆ ತೋಳಲ್ಲಿ ಆ ಗುರುತು ಇಟ್ಕೊಂಡು ನಿಲ್ಲಲಿ, ಹೋಗ್ಲಿ ಬಿಡು."

ಅಪ್ಪ ಬ್ರೆಡ್ಡಿನ ತುಂಡಿನಿಂದ ತಟ್ಟೆಯನ್ನು ಬಳಿಯುತ್ತ ಕೂತ. ತಟ್ಟೆ ಆಗಲೇ ಸ್ವಚ್ಛವಾಗಿತ್ತು.

"ಅಮ್ಮಾ, ನಾವಿಲ್ಲಿ ಇರೋದು ಸಭೇಲಿ ಯಾರಿಗೆ ಗೊತ್ತಿಲ್ಲ ಹೇಳು?" ಅಕ್ಕ ಕೇಳಿದಳು.

"ಗೊತ್ತಿರೋದು ಬೇರೆ, ಮೈಮೇಲೆ ಹಾಕ್ಕೊಂಡು ತೋರಿಸೋದು ಬೇರೆ. ನಾನು ಹೊಸದು ಹೊಲಿಸ್ತೀನಿ. ಹೇಗೆ ಅಂತ ಯಾರೂ ಕೇಳ್ಬೇಡಿ."

ಹೇಗೆ ಎಂಬುದು ಮುಂದಿನ ಶನಿವಾರ ತಿಳಿಯಿತು. ಅಜ್ಜಿ ಬಟ್ಟೆ ಒಣಹಾಕುತ್ತಿದ್ದಳು, ನಾನು ನೆಲ ಒರೆಸುತ್ತಿದ್ದೆ. ಹಳೇ ಮಿಷನ್‌ಗಳ ವ್ಯಾಪಾರಿ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ಕೆಮ್ಮಿದ. ಅಮ್ಮ ಯಾರ ಮುಖವನ್ನೂ ನೋಡದೆ ಅವನನ್ನು ಕಿಟಕಿಯ ಬಳಿಗೆ ಕರೆದುಕೊಂಡು ಹೋಗಿ, ಮಿಷನ್ನಿನ ಮೇಲೆ ಮುಚ್ಚಿದ್ದ ಬಟ್ಟೆ ತೆಗೆದಳು. ಅವನು ಚಕ್ರ ತಿರುಗಿಸಿ ನೋಡಿದ, ಬಗ್ಗಿ ಪೆಡಲಿನ ಕೆಳಗೆ ಕಣ್ಣಾಡಿಸಿದ.

ಅಜ್ಜಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು. ಸೀದಾ ಹೋಗಿ ಮಿಷನ್ನಿನ ಮುಂದಿನ ಸ್ಟೂಲಿನ ಮೇಲೆ ಕೂತು ಎರಡೂ ಮೊಣಕೈಗಳನ್ನು ಹಲಗೆಯ ಮೇಲೆ ಊರಿದಳು.

"ಅತ್ತೆ, ಏಳಿ."

"ಯಾಕೆ? ಕೂತ್ಕೋಬಾರ್ದಾ?"

"ಅವರು ನೋಡ್ಬೇಕು."

"ನೋಡ್ಲಿ. ನೋಡಪ್ಪಾ, ಈ ಮಿಷನ್ನಿಗೆ ನಾನೂ ಸೇರಿದ್ದೀನಿ. ನನ್ನನ್ನೂ ಸೇರಿಸಿ ಬೆಲೆ ಹೇಳು. ಹಲ್ಲು ಮೂರಿದೆ, ಮಂಡಿ ಸ್ವಲ್ಪ ಸದ್ದು ಮಾಡತ್ತೆ, ಎಣ್ಣೆ ಹಾಕಿದ್ರೆ ಸರಿಹೋಗತ್ತೆ. ಊಟ ಮಾತ್ರ ಚೆನ್ನಾಗಿ ಹಾಕ್ಬೇಕು."

ವ್ಯಾಪಾರಿ ಬಾಯಿಗೆ ಕೈ ಅಡ್ಡ ಹಿಡಿದ. "ನೀವು ಮನೇಲಿ ಮಾತಾಡಿ ಇಟ್ಕೊಳ್ಳಿ, ಆಮೇಲೆ ಹೇಳಿ ಕಳ್ಸಿ" ಎಂದು ಇಳಿದುಹೋದ. ಅವನು ಮೆಟ್ಟಿಲ ಮೇಲೆ ನಕ್ಕದ್ದು ನಮಗೆ ಕೇಳಿಸಿತು. ಅಮ್ಮನ ಮುಖ ಕೆಂಪೇರಿತು.

"ಎಲ್ಲರೂ ಸೇರಿ ನನ್ನ ಮರ್ಯಾದೆ ತೆಗೀರಿ."

"ಗೌನು ಒಂದು ದಿನ ಹಾಕೋದು. ಮಿಷನ್ ಹೋದ್ರೆ ಮಾರನೇ ದಿನದಿಂದ ಏನು ಬೇಯಿಸ್ತೀಯ? ಆ ಸ್ಯಾಟಿನ್ನಾ?"

"ನನ್ನ ಕಷ್ಟ ನಿಮಗೆ ಗೊತ್ತಾಗಲ್ಲ ಅತ್ತೆ. ಇಷ್ಟು ವರ್ಷ ನಾನು ಕೊಟ್ಟವಳು. ಅದೇ ಸಭೇಲಿ ಕೈಚಾಚಿ ಹೇಗೆ ನಿಲ್ಲಲಿ?"

ಅಜ್ಜಿ ಸ್ಟೂಲಿನಿಂದ ಏಳಲಿಲ್ಲ, ಆದರೆ ದನಿ ಇಳಿಸಿದಳು. "ನಿನ್ನ ಗಂಡನ್ನ ಹೆತ್ತಾಗ ಮಗೂಗೆ ಸುತ್ತೋಕೆ ಮನೇಲಿ ಹಳೇ ಬಟ್ಟೆ ಕೂಡ ಇರ್ಲಿಲ್ಲ. ಪಕ್ಕದ ಮನೆಯವಳು ಅವಳ ಹಾಸಿಗೆ ಚಾದರ ಹರಿದು ಕೊಟ್ಲು. ನಾನು ಮರ್ಯಾದೆ ಅಂತ ಕೂತಿದ್ರೆ ಅವನು ಚಳಿಗೆ ನಡುಗ್ತಿದ್ದ. ಕೊಡೋವಾಗ ಕೈ ಮೇಲಿರತ್ತೆ, ಅದೇನು ಕಷ್ಟ? ತಗೊಳ್ಳೋಕೂ ಕಲೀಬೇಕು ಕಣಮ್ಮಾ. ದೇವರ ಮುಂದೆ ನಾವು ದಿನಾ ಮಾಡೋದು ಅದೇ ತಾನೆ?"

ಅಮ್ಮ ಮುಚ್ಚುವ ಬಟ್ಟೆಯನ್ನು ಕೈಯಲ್ಲಿ ಹಿಡಿದು ನಿಂತಳು. ಮಿಷನ್ನಿಗೆ ಮತ್ತೆ ಬಟ್ಟೆ ಮುಚ್ಚಬೇಕೆಂದರೆ ಅಜ್ಜಿ ಏಳಬೇಕಿತ್ತು. ಅಜ್ಜಿ ಎದ್ದದ್ದು ಚಹಾ ಆದ ಮೇಲೆ.

ಆ ವಾರ ಮನೆಯಲ್ಲಿ ಪಾತ್ರೆಗಳೇ ಮಾತಾಡಿದವು. ಅಮ್ಮ ಅಕ್ಕನ ಡಬ್ಬಿಗೆ ಬ್ರೆಡ್ಡು ಕಟ್ಟುವಾಗ ಮುಚ್ಚಳವನ್ನು ಬೇಕಾದ್ದಕ್ಕಿಂತ ಜೋರಾಗಿ ಒತ್ತುತ್ತಿದ್ದಳು. ಅಕ್ಕ ಲೋಟವನ್ನು ಬೇಕಾದ್ದಕ್ಕಿಂತ ಜೋರಾಗಿ ಇಡುತ್ತಿದ್ದಳು. ಮದುವೆಯ ಹುಡುಗ ಮನೆಮನೆಗೆ ವೈರಿಂಗ್ ಮಾಡುವವನು. ಅಜ್ಜಿ ಅವನಿಗೆ ಕರೆಂಟು ಎಂದೇ ಹೆಸರಿಟ್ಟಿದ್ದಳು. ಅವನು ಬಂದು ನಮ್ಮ ಅಡುಗೆ ಜಾಗದ ಮಿಣುಕುವ ದೀಪ ಸರಿಮಾಡಿ, "ಅತ್ತೆ, ನನಗೂ ಕೋಟು ನಮ್ಮ ಮಾವನದು. ತೋಳು ಗಿಡ್ಡ. ನಾನಂತೂ ಕೈ ಮೇಲೆತ್ತಲ್ಲ" ಎಂದ. ಅಮ್ಮ ನಗಲಿಲ್ಲ. ಆದರೆ ಅವನು ಹೋದ ಮೇಲೆ, "ಕೋಟು ತಂದ್ಕೊಡು ಅನ್ನು. ತೋಳಿನ ಅಂಚು ಬಿಚ್ಚಿ ಉದ್ದ ಮಾಡ್ಕೊಡ್ತೀನಿ, ಒಳಗೆ ಬಟ್ಟೆ ಇರತ್ತೆ" ಎಂದು ಅಕ್ಕನಿಗೆ ಹೇಳಿದಳು. ಅದು ಆ ವಾರದ ಮೊದಲ ಪೂರ್ತಿ ವಾಕ್ಯ.

ಆಮೇಲೆ ಅವಳೇ ಒಂದು ದಾರಿ ಹುಡುಕಿಕೊಂಡಳು. ಚರ್ಚಿಗೆ ಹೋಗಿ ಗೌನು ತಂದಳು. "ಇದನ್ನೇ ಹಾಕ್ಕೋ. ಆದ್ರೆ ಆ ಗುರುತು ಬಿಚ್ತೀನಿ. ಮದುವೆ ಆದ್ಮೇಲೆ ಮತ್ತೆ ಹೊಲಿದು ವಾಪಸ್ ಕೊಡ್ತೀನಿ. ಯಾರಿಗೂ ನಷ್ಟ ಇಲ್ಲ."

ಅಕ್ಕನಿಗೆ ಬೇಡವೆನ್ನಲು ಕಾರಣ ಹೊಳೆಯಲಿಲ್ಲ. ಅವಳು ಕೆಲಸಕ್ಕೆ ಹೋದಳು. ಅಮ್ಮ ಗೌನನ್ನು ಮಿಷನ್ನಿನ ಮೇಲೆ ಹರಡಿ ಬಲತೋಳನ್ನು ಒಳಮಗ್ಗುಲು ಮೇಲೆ ಬರುವಂತೆ ತಿರುಗಿಸಿದಳು. ಅರ್ಧ ಬ್ಲೇಡು ಹಿಡಿದು ಮೊದಲ ನೀಲಿ ದಾರಕ್ಕೆ ತಾಗಿಸಿದಾಗಲೇ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು.

ಲಾಂಡ್ರಿಯ ಯಜಮಾನಿಯನ್ನು ಎಲ್ಲರೂ ಇಸ್ತ್ರಿಯಮ್ಮ ಎನ್ನುತ್ತಿದ್ದರು. ನಮ್ಮ ಸಭೆಯವಳೇ. ಹಿಂದೆ ಮನೆಮನೆಗೆ ಹೋಗಿ ಇಸ್ತ್ರಿ ಮಾಡುತ್ತಿದ್ದ ಹುಡುಗಿ. ಈಗ ಅವಳೂ ಅವಳ ಗಂಡನೂ ಸೇರಿ ಅಂಗಡಿ ಇಟ್ಟಿದ್ದರು, ನಾವು ಅವರ ಬಾಡಿಗೆದಾರರು. ಮೊದಲು ಅವಳನ್ನು "ನೀನು" ಎನ್ನುತ್ತಿದ್ದ ಅಮ್ಮ ಇಲ್ಲಿಗೆ ಬಂದ ಮೇಲೆ ಕಷ್ಟಪಟ್ಟು "ನೀವು" ಕಲಿತಿದ್ದಳು. ಅವಳು ಪ್ಯಾಂಟುಗಳ ಗಂಟನ್ನು ನೆಲಕ್ಕಿಟ್ಟು ಬ್ಲೇಡನ್ನೂ ಗೌನನ್ನೂ ನೋಡಿದಳು.

"ಬಿಚ್ತಿದ್ದೀರಾ ಅಕ್ಕಾ?" ಎಂದಳು, ಕಣ್ಣರಳಿಸಿ. "ನಾನೂ ಬಿಚ್ಚಬೇಕು ಅಂತ ಬ್ಲೇಡು ತಗೊಂಡು ಕೂತಿದ್ದೆ ನೋಡಿ, ನನ್ನ ಮದುವೆ ಹಿಂದಿನ ದಿನ! ಧೈರ್ಯ ಬರ್ಲಿಲ್ಲ. ಕೊಟ್ಟವರ ವಸ್ತು, ಏನಂದ್ಕೋತಾರೋ ಅಂತ."

ಅಮ್ಮನ ಕೈ ನಿಂತಿತು. "ನೀವು ಇದನ್ನ ಹಾಕಿದ್ರಾ?"

"ಮರೆತ್ರಾ? ನೀವೇ ಪೆಟ್ಟಿಗೆಯಿಂದ ತೆಗೆದು ಕೊಟ್ರಿ. ನನ್ನ ಮದುವೆ ಫೋಟೋ ಕೆಳಗೆ ಗಲ್ಲಾ ಪೆಟ್ಟಿಗೆ ಮೇಲೇ ಇದೆಯಲ್ಲ. ಎಲ್ಲದರಲ್ಲೂ ನನ್ನ ಬಲಗೈ ಹೂಗುಚ್ಛದ ಕೆಳಗೆ! ನಮ್ಮ ಯಜಮಾನ್ರು ಈಗ್ಲೂ ತಮಾಷೆ ಮಾಡ್ತಾರೆ, ಮದುವೆ ದಿನ ನಿನಗೆ ಒಂದೇ ಕೈ ಇತ್ತು ಅಂತ." ಅವಳು ಮನಸಾರೆ ನಕ್ಕಳು. "ನಂದೇನೂ ಇಲ್ಲ ಬಿಡಿ. ಪಾಪ, ಗಂಟೆಯಮ್ಮ ತೋಳಂಚನ್ನ ಒಳಗೆ ಮಡಚಿ ಪಿನ್ನು ಹಾಕ್ಕೊಂಡಿದ್ಲು. ಸಹಿ ಮಾಡೋಕೆ ಕೈ ಬಗ್ಗಿಸಿದಾಗ ಪಿನ್ನು ಚುಚ್ಚಿ ರಕ್ತ ಬಂದಿತ್ತು."

ಗಂಟೆಯಮ್ಮ ಎಂದರೆ ಹಾಡುವ ಗುಂಪಿನ ದೊಡ್ಡ ಗಂಟಲಿನ ಹೆಂಗಸು. ನನಗೆ ಆ ರಕ್ತದ ಕಲೆ ನೆನಪಿತ್ತು. ಗೌನಿಗೆ ಕಲೆ ಮಾಡಿ ವಾಪಸು ಕೊಟ್ಟಳೆಂದು ಅಮ್ಮ ಅವಳನ್ನು ಚರ್ಚಿನ ಮೆಟ್ಟಿಲ ಮೇಲೆ ನಿಲ್ಲಿಸಿ ಬೈದದ್ದೂ ನೆನಪಿತ್ತು.

"ಅದು ಪಿನ್ನು ಚುಚ್ಚಿ ಆಗಿದ್ದಾ?" ಅಮ್ಮ ಕೇಳಿದಳು.

"ಮತ್ತೆ? ನಾನೇ ಅಲ್ವಾ ಉಪ್ಪುನೀರು ಹಾಕಿ ತೆಗೆದಿದ್ದು." ಇಸ್ತ್ರಿಯಮ್ಮ ಸ್ಯಾಟಿನ್ನಿನ ಮೇಲೆ ಅಂಗೈ ಆಡಿಸಿದಳು. "ಆದ್ರೂ ಅಕ್ಕಾ, ಇಂಥ ಬಟ್ಟೆ ನನ್ನ ಮೈಮೇಲೆ ಬೀಳತ್ತೆ ಅಂತ ನಾನು ಕನಸಲ್ಲೂ ಅಂದ್ಕೊಂಡಿರ್ಲಿಲ್ಲ. ಇವತ್ತಿಗೂ ನಿಮ್ಮ ಹೆಸರು ಹೇಳಿ ಪ್ರಾರ್ಥನೆ ಮಾಡ್ತೀನಿ. ಅದೊಂದು ಚೂರು ದಾರ ಬಿಟ್ರೆ..." ಮಾತು ಮುಗಿಸದೆ, "ಪ್ಯಾಂಟು ನಾಳೆಗೆ ಬೇಕು" ಎಂದು ಹೊರಟಳು.

ಅವಳು ಇಳಿದ ಮೇಲೂ ಅಮ್ಮ ಬ್ಲೇಡು ಹಿಡಿದೇ ಕೂತಿದ್ದಳು. ಆಮೇಲೆ ಅದನ್ನು ಡಬ್ಬಿಯಲ್ಲಿಟ್ಟು, ಗೌನು ಮಡಚಿಟ್ಟು, ಪ್ಯಾಂಟಿನ ಅಂಚು ಹೊಲಿಯತೊಡಗಿದಳು. ಒಂದು ಕಾಲನ್ನು ತಪ್ಪಾಗಿ ಹೊಲಿದು ಮತ್ತೆ ಬಿಚ್ಚಿದಳು.

ರಾತ್ರಿ ಅಪ್ಪನ ಪ್ರಾರ್ಥನೆ ಮುಗಿದು ಎಲ್ಲರೂ ಅನ್ನ ಕಲಸುತ್ತಿದ್ದಾಗ ಅವಳು ತಟ್ಟೆಯನ್ನೇ ನೋಡುತ್ತ ಹೇಳಿದಳು: "ನಾನು ದೇವರಿಗೆ ಕೊಟ್ಟೆ ಅಂದ್ಕೊಂಡಿದ್ದೆ. ಕೊಟ್ಟು, ಒಂದು ತುದೀನ ನಾನೇ ಹಿಡ್ಕೊಂಡಿದ್ದೆ. ಆ ಹುಡುಗೀರು ಮದುವೆ ದಿನ ಕೈ ಮುಚ್ಚಿಟ್ಕೊಂಡು ನಿಂತಿದ್ರಂತೆ. ಎಷ್ಟೋ ಮದುವೇಲಿ ನಾನು ಮುಂದಿನ ಬೆಂಚಲ್ಲೇ ಕೂತಿದ್ದೆ. ಒಂದು ದಿನಾನೂ ಕಾಣ್ಲಿಲ್ವಲ್ಲ ನನಗೆ."

ಅಜ್ಜಿಯ ಬಾಯಲ್ಲೇ ಮಾತಿರಲಿಲ್ಲ. ಅಪ್ಪ ತನ್ನ ತಟ್ಟೆಯ ಮೊಟ್ಟೆಯ ತುಂಡನ್ನು ಅವಳ ತಟ್ಟೆಗೆ ಇಟ್ಟ.

"ಊಟ ಆದ ತಕ್ಷಣ ಬಿಚ್ಚಿಬಿಡ್ತೀನಿ" ಎಂದಳು ಅಮ್ಮ. "ಮತ್ತೆ ಹೊಲಿಯಲ್ಲ."

"ಬೇಡ" ಎಂದಳು ಅಕ್ಕ.

"ಬೇಡ್ವಾ? ಯಾಕೆ?"

"ಈಗ ಬಿಚ್ಚಿದ್ರೆ ನಿನ್ನ ಮಗಳಿಗೋಸ್ಕರ ಬಿಚ್ಚಿದ ಹಾಗಾಗತ್ತೆ. ಅವರಿಗೆಲ್ಲ ಇತ್ತು, ನನಗೂ ಇರ್ಲಿ. ನನ್ನ ಮದುವೆ ಆದ್ಮೇಲೆ ಬಿಚ್ಚು. ನನ್ನ ಮುಂದಿನವಳಿಗೆ ಬೇಡ."

"ಎಲ್ಲರೂ ನೋಡ್ತಾರೆ ಕಣೇ."

"ನೋಡ್ಲಿ ಅಮ್ಮಾ. ದಿನಾ ಗಾಜು ಅರೆದು ಅರೆದು ಎಲ್ಲರಿಗೂ ಕಾಣೋ ಹಾಗೆ ಮಾಡೋದೇ ನನ್ನ ಕೆಲಸ."

ಅಜ್ಜಿಗೆ ದನಿ ಮರಳಿ ಬಂತು. "ಇವಳು ನನ್ನ ಮೊಮ್ಮಗಳು" ಎಂದು ಘೋಷಿಸಿ ಇನ್ನೊಂದು ಸೌಟು ಅನ್ನ ಬಡಿಸಿಕೊಂಡಳು.

ಭಾನುವಾರ ಆರಾಧನೆಯ ಕೊನೆಗೆ ದೇವರ ಉಪಕಾರಗಳಿಗೆ ಸಾಕ್ಷಿ ಹೇಳುವ ಹೊತ್ತಿನಲ್ಲಿ ಅಮ್ಮ ಎದ್ದು ನಿಂತಳು. ಅವಳು ಏಳುವುದು ಹೊಸದಲ್ಲ. ಹಿಂದೆಲ್ಲ ಅಂಗಡಿಗೆ, ಮನೆಗೆ, ಬಂದ ಲಾಭಕ್ಕೆ ಸ್ತೋತ್ರ ಹೇಳಲು ಏಳುತ್ತಿದ್ದಳು. ಇಲ್ಲಿಗೆ ಬಂದ ಮೇಲೆ ಎದ್ದಿರಲಿಲ್ಲ. ಈಗ ಮುಂದಿನ ಬೆಂಚಿನ ಒರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಮದುವೆ ಗೌನಿನ ಮೇಲೆ ಗುರುತು ಹಾಕ್ಸಿದ್ದು ನಾನು" ಎಂದಳು. "ಕಳ್ಳತನ ಆಗ್ಬಾರ್ದು ಅಂತ ಹಾಕ್ಸಿದೆ. ಅಷ್ಟೇ ಅಲ್ಲ, ಯಾರು ಕೊಟ್ಟಿದ್ದು ಅಂತ ಎಲ್ಲರಿಗೂ ಗೊತ್ತಿರ್ಲಿ ಅಂತಾನೂ ಹಾಕ್ಸಿದೆ. ಈ ಸಲ ನನ್ನ ಮಗಳು ಅದನ್ನ ಹಾಕ್ಕೋತಾಳೆ. ಆಮೇಲೆ ಬಿಚ್ತೀನಿ. ಹಾಕ್ಕೊಂಡವರೆಲ್ಲ ನನ್ನ ಕ್ಷಮಿಸಿ. ಮೆಟ್ಟಿಲ ಮೇಲೆ ಒಬ್ಬರನ್ನ ಬೈದೆ. ಅವರು ವಿಶೇಷವಾಗಿ ಕ್ಷಮಿಸಬೇಕು."

"ಆಮೆನ್!" ಎಂದು ಅಜ್ಜಿ ಎಷ್ಟು ಜೋರಾಗಿ ಕೂಗಿದಳೆಂದರೆ ಪಾದ್ರಿಗಳು ಬೆಚ್ಚಿ ಕನ್ನಡಕ ಸರಿಮಾಡಿಕೊಂಡರು.

ಆದರೆ ಹಾಡುವ ಗುಂಪಿನ ಕಡೆಯಿಂದ, ಪಿಸುಗುಟ್ಟಿದರೂ ಇಡೀ ಚರ್ಚಿಗೆ ಕೇಳುವ ದನಿಯಲ್ಲಿ, "ಇಷ್ಟು ವರ್ಷ ಆದ್ಮೇಲೆ ನೆನಪಾಯ್ತು" ಎಂಬ ಮಾತು ಬಂತು. ಗಂಟೆಯಮ್ಮ ಹಾಡಿನ ಪುಸ್ತಕ ತೆರೆದು ಮುಖಕ್ಕೆ ಹಿಡಿದುಕೊಂಡಿದ್ದಳು. ಅಮ್ಮ ಕೂತಳು. ಅವಳ ಕಿವಿಗಳು ಕೆಂಪಾಗಿದ್ದವು. ಅಪ್ಪ ಅವಳ ಕಡೆಗೆ ಸ್ವಲ್ಪ ಸರಿದು ಕೂತ. ಹೊರಗೆ ಬಂದಾಗ ಇಬ್ಬರು ಹೆಂಗಸರು ಅಮ್ಮನ ಕೈ ಹಿಡಿದು ಮಾತಾಡಿಸಿದರು. ಗಂಟೆಯಮ್ಮ ಪಕ್ಕದ ಬಾಗಿಲಿಂದ ಹೋಗಿಬಿಟ್ಟಿದ್ದಳು.

"ಅವಳು ಕ್ಷಮಿಸ್ಲಿಲ್ಲ" ಎಂದಳು ಅಮ್ಮ ದಾರಿಯಲ್ಲಿ.

"ನೀನು ಕೇಳಿದ್ದು ಇವತ್ತು" ಎಂದ ಅಪ್ಪ. "ಅವಳಿಗೂ ಸ್ವಲ್ಪ ಟೈಮ್ ಕೊಡು."

ಮದುವೆಯ ದಿನ ಬಿಸಿಲು ಚೆನ್ನಾಗಿತ್ತು. ಅಮ್ಮ ಸೊಂಟದಲ್ಲಿ ಬಿಗಿ ಮಾಡಿ ಕೆಳಗೆ ಅಂಚು ಬಿಟ್ಟಿದ್ದ ಗೌನು ಅಕ್ಕನಿಗೆ ಹೇಳಿ ಮಾಡಿಸಿದಂತೆ ಕೂತಿತ್ತು. ಇಸ್ತ್ರಿಯಮ್ಮ ಅದಕ್ಕೆ ಹಾಕಿದ ಇಸ್ತ್ರಿಯ ಗೆರೆಗಳು ಕತ್ತರಿಸಿದ ಹಾಗಿದ್ದವು. ಕರೆಂಟು ತೋಳು ಉದ್ದವಾದ ಕೋಟಿನಲ್ಲಿ ಬೇಕೆಂದೇ ಎರಡು ಸಲ ಕೈ ಮೇಲೆತ್ತಿ ತಲೆ ಕೆರೆದುಕೊಂಡ. ಸಹಿ ಮಾಡುವಾಗ ಅಕ್ಕ ಹೂವನ್ನು ನನ್ನ ಕೈಗೆ ಕೊಟ್ಟು, ತೋಳನ್ನು ಒಂಚೂರು ಹಿಂದಕ್ಕೆ ಸರಿಸಿಕೊಂಡು, ಮೇಜಿನ ಮೇಲೆ ಕೈಯಿಟ್ಟು ನಿಧಾನವಾಗಿ ಬರೆದಳು. ನೀಲಿ ದಾರ ಬಿಳಿಯ ಮೇಲೆ ಎದ್ದು ಕಾಣುತ್ತಿತ್ತು. ಅಮ್ಮ ನೆಲ ನೋಡಲಿಲ್ಲ, ಆ ಕೈಯನ್ನೇ ನೋಡುತ್ತಿದ್ದಳು.

ಊಟಕ್ಕೆ ಹೊರಗಿನ ಅಡುಗೆಯವರನ್ನು ಕರೆಸುವ ಶಕ್ತಿ ನಮಗಿರಲಿಲ್ಲ. ಅದನ್ನು ತಿಳಿದು ಸಭೆಯವರು ಕೇಳದೆಯೇ ಮನೆಗೊಂದು ಪಾತ್ರೆಯಂತೆ ತಂದಿದ್ದರು. ಚರ್ಚಿನ ಹಿಂದಿನ ಹಾಲಿನಲ್ಲಿ ಉದ್ದ ಮೇಜುಗಳ ಮೇಲೆ ಒಬ್ಬರ ಮನೆಯ ಅನ್ನ, ಇನ್ನೊಬ್ಬರ ಮನೆಯ ಕೋಳಿ, ಮತ್ತೊಬ್ಬರ ಮನೆಯ ಬೀನ್ಸು. ಅಷ್ಟನ್ನು ಕಂಡು ಅಮ್ಮನಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಅಭ್ಯಾಸಬಲದಿಂದ ಸೆರಗಿನ ಹಾಗೆ ಟವೆಲ್ಲೊಂದನ್ನು ಹೆಗಲಿಗೆ ಹಾಕಿಕೊಂಡು ಸೌಟು ಹಿಡಿದು ಹೊರಟಳು. ಇಸ್ತ್ರಿಯಮ್ಮ ಸೌಟು ಕಿತ್ತುಕೊಂಡಳು.

"ಇವತ್ತು ನೀವು ಕೂತ್ಕೊಳ್ಳಿ ಅಕ್ಕಾ."

"ನಾನು ಆಮೇಲೆ..."

"ಆಮೇಲೆ ಇಲ್ಲ, ಈಗ. ನಿಮ್ಮ ಅತ್ತೆನ ನೋಡಿ ಕಲೀರಿ."

ಅಜ್ಜಿ ಆಗಲೇ ಕೋಳಿಯ ಕಾಲೊಂದನ್ನು ಮೂರು ಹಲ್ಲುಗಳಿಗೆ ಒಪ್ಪಿಸಿದ್ದಳು.

ಅಮ್ಮ ನನ್ನ ಪಕ್ಕ ಕೂತಳು. ಮುಂದೆ ತಟ್ಟೆ ಬಂತು. ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡಳು, ಮೇಜಿನ ಮೇಲಿಟ್ಟಳು, ಮತ್ತೆ ಮಡಿಲಿಗೆ ತಂದಳು. ಸಾಲಿನ ಆ ತುದಿಯಿಂದ ಬಡಿಸುತ್ತ ಬಂದವಳು ಗಂಟೆಯಮ್ಮ. ಸೊಂಟಕ್ಕೆ ಕೋಳಿಸಾರಿನ ದೊಡ್ಡ ಪಾತ್ರೆ ಆನಿಸಿಕೊಂಡಿದ್ದಳು. ನಮ್ಮ ಮುಂದೆ ಬಂದು ನಿಂತಳು. ಒಂದು ಸೌಟು ಅಮ್ಮನ ತಟ್ಟೆಗೆ ಬಿತ್ತು.

"ಸಾಕಾ?" ಕೇಳಿದಳು, ಗಡಸು ದನಿಯಲ್ಲಿ.

"ಸಾಕು, ಸಾಕು" ಎಂದಳು ಅಮ್ಮ.

ಗಂಟೆಯಮ್ಮ ಮುಂದಕ್ಕೆ ಹೆಜ್ಜೆಯಿಟ್ಟಳು. ಅಮ್ಮ ತಟ್ಟೆಯನ್ನು ನೋಡಿದಳು. ಬೆಳಗಿನಿಂದ ಅವಳು ಒಂದು ಲೋಟ ಚಹಾ ಬಿಟ್ಟು ಏನೂ ತಿಂದಿರಲಿಲ್ಲ.

"ಇಲ್ಲ" ಎಂದು ಕರೆದಳು. ಎರಡೂ ಕೈಯಲ್ಲಿ ತಟ್ಟೆಯನ್ನೆತ್ತಿ ಹಿಡಿದಳು. "ಇನ್ನೊಂದು ಸ್ವಲ್ಪ ಹಾಕಿ. ತುಂಬ ಹಸಿವಾಗಿದೆ."

ಗಂಟೆಯಮ್ಮ ತಿರುಗಿದಳು. ಪಾತ್ರೆಯ ತಳದವರೆಗೆ ಸೌಟು ಇಳಿಸಿ, ದೊಡ್ಡ ತುಂಡುಗಳನ್ನೇ ಹುಡುಕಿ ಹುಡುಕಿ ಹಾಕತೊಡಗಿದಳು.